ಶಿವನೆ ಹಲಗೆಯ ಹಿಮ

ಶಿಕಾರಿಪುರದ ಶಾಲೆಗೆ ನಾನು ಹಿಂದಿ ಶಿಕ್ಷಕಿಯಾಗಿ ಸೇರಿದ ದಿನ ಸ್ಟಾಫ್ ರೂಮಿನ ಗೋಡೆಯ ಮೇಲೆ ಒಂದು ಕಪ್ಪುಬಿಳುಪಿನ ಚಿತ್ರ ನೋಡಿದೆ. ಬಳ್ಳಿಗಾವಿ ರಸ್ತೆಯ ಹಳೇ ಬಸ್ ತಂಗುದಾಣ ಅದು. ದುಂಡು ಮೂಲೆ, ಎರಡು ಕಂಬ, ನೆತ್ತಿಯ ಮೇಲೆ ಹಡಗಿನ ಮೂತಿಯ ಹಾಗೆ ಮುಂದಕ್ಕೆ ಚಾಚಿದ ಸಿಮೆಂಟಿನ ಚಾವಣಿ. ಹಿಂದಿನ ವಾರವಷ್ಟೇ ನಾನು ಅದರ ಕೆಳಗೆ ಬೆವರೊರೆಸಿಕೊಳ್ಳುತ್ತಾ ಬಸ್ಸಿಗೆ ಕಾದಿದ್ದೆ. ಚಿತ್ರದಲ್ಲಿ ಅದರ ಮಂಡಿಯವರೆಗೆ ಹಿಮ ಬಿದ್ದಿತ್ತು. ಕಲ್ಲುಬೆಂಚಿನ ಮೇಲೆ ಹಿಮ. ಪಕ್ಕದ ಮೈಲಿಗಲ್ಲು ಕುತ್ತಿಗೆಮಟ್ಟ ಮುಳುಗಿ ಊರ ಹೆಸರಿನಲ್ಲಿ 'ಶಿರಾಳ' ಎಂಬಷ್ಟೇ ಅಕ್ಷರ ಉಳಿದಿತ್ತು.

"ಚಳಿ ಆಗತೈತೇನ್ರಿ ಮೇಡಂ?"

ತಿರುಗಿ ನೋಡಿದೆ. ಸಣ್ಣ ಆಳು, ಉಗುರುಸಂದಿಯಲ್ಲಿ ಶಾಯಿ. ಇವರೇ ಡ್ರಾಯಿಂಗ್ ಮೇಷ್ಟ್ರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಇಲ್ಲಿ ಯಾವಾಗ ಬಿದ್ದಿತ್ತು ಸರ್ ಈ ಹಿಮ?" ಎಂದು ತಮಾಷೆಗೆ ಕೇಳಿದೆ.

"ಬೀಳ್ತಾನೇ ಐತಿ" ಎಂದರು. ಅವರು ನಗಲಿಲ್ಲ.

ಆಮೇಲೆ ಹನ್ನೆರಡು ವರ್ಷ ನಾವು ಎದುರುಬದುರು ಮೇಜಿನಲ್ಲಿ ಕೂತೆವು. ರಜೆ ಬಂದರೆ ಸಾಕು, ಅವರು ಸ್ಕೂಟರಿನಲ್ಲೋ ಬಸ್ಸಿನಲ್ಲೋ ಹೊರಡುತ್ತಿದ್ದರು. ಯಾವ ಊರನ್ನೂ ನೋಡಲಿಕ್ಕಲ್ಲ. ಊರಿಗೂ ಊರಿಗೂ ನಡುವೆ ರಸ್ತೆಬದಿಯಲ್ಲಿ ನಿಂತ ಹಳೇ ಕಟ್ಟಡಗಳನ್ನು ನೋಡಲಿಕ್ಕೆ. ಪ್ರವಾಸಿ ಬಂಗಲೆ, ಮುಚ್ಚಿಹೋದ ಸುಂಕದ ನಾಕಾ, ದುಂಡುಚಾವಣಿಯ ಪೆಟ್ರೋಲ್ ಬಂಕು, ರಸ್ತೆ ಕೆಲಸದವರ ಕೊಠಡಿ. ಅವನ್ನು ಪುಸ್ತಕದಲ್ಲಿ ಗೀಚಿಕೊಂಡು ಬಂದು ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಅಚ್ಚು ತೆಗೆಯುವುದು. ಎಲ್ಲದರ ಮೇಲೂ ಹಿಮ. ಆನವಟ್ಟಿ ರಸ್ತೆಯ ಬಂಗಲೆಯ ಮೇಲೂ ಹಿಮ, ಹಿರೇಕೆರೂರು ಕಡೆಯ ನಾಕಾದ ಅಡ್ಡಗಂಬದ ಮೇಲೂ ಹಿಮ.

ಒಮ್ಮೆ ಹೆಡ್ಮಾಸ್ಟರು ಅಂದರು, "ಬಳ್ಳಿಗಾವಿ ದೇವಸ್ಥಾನ ಇಲ್ಲೇ ಇದೆಯಲ್ರೀ, ಅದನ್ನ ಮಾಡಿ. ಹೆಸರಾದ್ರೂ ಬರುತ್ತೆ."

"ಅದನ್ನ ನೋಡಾಕ ದೂರದಿಂದ ಜನ ಬರ್ತಾರ್ರಿ. ಇವನ್ನ ಯಾರು ನೋಡ್ತಾರ? ಮಳಿ ಬಂದ್ರ ಅಷ್ಟೇ ಒಳಗ ಹೊಕ್ತಾರ. ನಿಂತ್ರ ಮತ್ತ ಮರೀತಾರ."

ಹಲಗೆ ಬರುತ್ತಿದ್ದದ್ದು ಸೊರಬದಲ್ಲಿ ಮರ ಕೆತ್ತುವ ಒಬ್ಬ ಗುಡಿಗಾರರ ಕಡೆಯಿಂದ, ಶಿವನೆ ಮರದ್ದು. ಆ ಮರ ಮೆತ್ತಗೆ, ಸೀಳು ಬಿಡುವುದಿಲ್ಲ. ಉಳಿಯಿಂದ ಎಲ್ಲೆಲ್ಲಿ ಮರ ಎಬ್ಬಿಸುತ್ತಾರೋ ಅಲ್ಲಿ ಶಾಯಿ ಹತ್ತುವುದಿಲ್ಲ. ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ತಾಸುಗಟ್ಟಲೆ ಉಜ್ಜಿ ಎತ್ತಿದರೆ, ಕೆತ್ತಿದ್ದೆಲ್ಲ ಬಿಳಿ, ಉಳಿದದ್ದು ಕರಿ. ಮಕ್ಕಳಿಗೆ ರಬ್ಬರ್ ತರಬೇಡಿ ಎನ್ನುತ್ತಿದ್ದರು. "ತೆಗೆದದ್ದನ್ನ ಮತ್ತ ಇಡಾಕ ಬರಂಗಿಲ್ಲ. ಅದಕ್ಕ ಮೊದಲು ನೋಡ್ರಿ, ಆಮ್ಯಾಲೆ ಕೈ ಹಚ್ರಿ." ಒಬ್ಬ ಹುಡುಗಿ ಹಿಮ ಹೇಗಿರುತ್ತದೆ ಎಂದು ಕೇಳಿದಾಗ ಅವರು ತಣ್ಣಗಿರುತ್ತದೆ, ಬೆಳ್ಳಗಿರುತ್ತದೆ ಎಂದೇನೂ ಹೇಳಲಿಲ್ಲ. "ಅದಕ್ಕ ಸದ್ದಿಲ್ಲ. ಅದರ ಸಲುವಾಗಿ ಉಳಿದ ಸದ್ದೆಲ್ಲಾ ಭಾಳ ಕೇಳಸ್ತಾವು" ಎಂದರಂತೆ. ಆ ಹುಡುಗಿ ಅದನ್ನು ನನ್ನ ಹತ್ತಿರ ಬಂದು ಹೇಳಿ, "ಅಂದ್ರೇನು ಮೇಡಂ?" ಎಂದಳು. ನನಗೂ ತಿಳಿಯಲಿಲ್ಲ.

ಅವರದೊಂದು ಚಾಳಿಯಿತ್ತು. ಮಾತಿನ ನಡುವೆ ತಟಕ್ಕನೆ ಎದ್ದು ಹೋಗಿ ಬಾಗಿಲು ತೆಗೆದು ಹೊರಗೆ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಬಂದು ಮಾತು ಮುಂದುವರಿಸುತ್ತಿದ್ದರು. ಪರೀಕ್ಷೆಯ ಕೊಠಡಿಯಲ್ಲಿ, ಸಭೆಯಲ್ಲಿ, ಎಲ್ಲೇ ಇರಲಿ ಹೀಗೇ. ಹೊಸಬರು ನಗುತ್ತಿದ್ದರು, ಹಳಬರು ಅವರ ಕಡೆ ನೋಡುತ್ತಿರಲಿಲ್ಲ. ನಾನು ಯಾವುದೋ ಕಿವಿಯ ಕಾಯಿಲೆ ಇರಬೇಕೆಂದುಕೊಂಡಿದ್ದೆ.

ಕಥೆಯನ್ನು ನನಗೆ ಹೇಳಿದ್ದು ಗುಮಾಸ್ತರು. ನಾನು ಬರುವುದಕ್ಕೆ ಬಹಳ ವರ್ಷ ಮೊದಲು ಇದೇ ಶಾಲೆಯಲ್ಲಿ ಸೊರಬದ ಒಬ್ಬರು ಪಿ.ಟಿ. ಮೇಷ್ಟ್ರು ಇದ್ದರಂತೆ. ಡ್ರಾಯಿಂಗ್ ಮೇಷ್ಟ್ರಿಗೆ ಜೀವದ ಗೆಳೆಯ. ಒಂದು ದಸರಾ ರಜೆಯಲ್ಲಿ ಇಬ್ಬರೂ ಹಿಮಾಚಲಕ್ಕೆ ಹೋದರು. ಘಟ್ಟದ ರಸ್ತೆಯಲ್ಲಿ ಬಸ್ಸಿಳಿದು ನಿಂತಿದ್ದಾಗ ಅಕಾಲದ ಹಿಮ ಸುರಿಯಿತು. ಪಿ.ಟಿ. ಮೇಷ್ಟ್ರು ಬಸ್ಸನ್ನು ನಿಲ್ಲಿಸಿ ಬರುತ್ತೇನೆಂದು ತಾವಾಗಿಯೇ ಹೊರಟರು, ದಾರಿ ತಪ್ಪಿ ಸತ್ತರು. ಇವರು ರಸ್ತೆಬದಿಯ ಪಾಳು ಪೆಟ್ರೋಲ್ ಬಂಕಿನೊಳಗೆ ಕೂತು ಉಳಿದುಕೊಂಡರು. "ಅವರಿಗೆ ಮದುವೆಯಾಗಿ ವರ್ಷ ಆಗಿತ್ತು ಅಷ್ಟೇ. ಹೆಂಡತಿ ಸೊರಬದಲ್ಲೇ ಟೈಲರಿಂಗ್ ಮಾಡ್ತಾರೆ. ಇವರು ಪ್ರತಿ ವರ್ಷ ದಸರಾಕ್ಕೆ ಒಂದು ಚಿತ್ರ ತಗೊಂಡು ಹೋಗಿ ಕೊಟ್ಟು ಬರ್ತಾರೆ" ಎಂದರು ಗುಮಾಸ್ತರು.

ಆ ಮನೆಗೆ, ಅಂದರೆ ಆ ಅಂಗಡಿಗೆ, ನಾನೂ ಒಮ್ಮೆ ಹೋದೆ. ದಸರಾದ ಹೊತ್ತಿಗೆ ಯಾವುದೋ ತರಬೇತಿಗೆಂದು ನಮ್ಮಿಬ್ಬರನ್ನೂ ಸೊರಬಕ್ಕೆ ಹಾಕಿದ್ದರು. ಮೇಷ್ಟ್ರ ಕಂಕುಳಲ್ಲಿ ಒಂದು ರಟ್ಟಿನ ಕೊಳವೆ. ಬಸ್ ನಿಲ್ದಾಣದ ಹತ್ತಿರ ಕಡಿದಾದ ಮೆಟ್ಟಿಲು ಹತ್ತಿದರೆ ಹೊಲಿಗೆ ಅಂಗಡಿ. ಕತ್ತಿಗೆ ಅಳತೆಟೇಪು ಹಾಕಿಕೊಂಡ ಹೆಂಗಸು ಎದ್ದು, "ಬಂದ್ರಾ, ಕೂತ್ಕಳಿ" ಎಂದರು. ಅಕ್ಕ ಎಂದು ನಾನು ಕರೆದೆ. ಆಮೇಲೂ ಹಾಗೇ ಉಳಿಯಿತು.

ನೇತುಹಾಕಿದ ರವಿಕೆಗಳ ಮೇಲಿನ ಗೋಡೆಯುದ್ದಕ್ಕೂ ಚಿತ್ರಗಳಿದ್ದವು. ಎಲ್ಲವೂ ಒಂದೇ ಕಟ್ಟಡದ್ದು: ಕಮಾನಿನಂತೆ ಬಾಗಿದ ಮುಂಚಾವಣಿ, ಅದರ ಕೆಳಗೆ ಎರಡು ಪೆಟ್ರೋಲ್ ಪಂಪು, ಹಿಂದೆ ಒಂದು ಕೋಣೆ, ಕೋಣೆಗೆ ಒಂದು ಬಾಗಿಲು. ಮೊದಲ ಚಿತ್ರದಲ್ಲಿ ನೆಲದ ಮೇಲೆ ತೆಳ್ಳನೆ ಹಿಮ. ಬಲಕ್ಕೆ ಹೋದ ಹಾಗೆ ಅದು ಏರುತ್ತಿತ್ತು. ಪಂಪಿನ ಕಾಲು ಮುಳುಗಿತು, ಆಮೇಲೆ ಸೊಂಟ, ಆಮೇಲೆ ಪಂಪೇ ಇಲ್ಲ.

ರವಿಕೆಗೆ ಬಂದಿದ್ದ ಒಬ್ಬಾಕೆ, "ಇದೆಂಥದು ಮಾರಾಯ್ತಿ, ಬಸ್ ಸ್ಟ್ಯಾಂಡಿಗೆ ಹತ್ತಿ ತುಂಬಿದಾರಾ?" ಎಂದು ನಕ್ಕಳು. ಅಕ್ಕನೂ ನಕ್ಕರು. ಆಕೆ ಹೋದ ಮೇಲೆ ಹೊಸ ಚಿತ್ರವನ್ನು ಬಿಚ್ಚಿ ಬೆಳಕಿಗೆ ಹಿಡಿದರು.

"ಇದೆಷ್ಟು ಹೊತ್ತಿಂದು?"

"ಒಂದೂವರಿ ಆಗಿತ್ತು" ಎಂದರು ಮೇಷ್ಟ್ರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. ಅವರು ಮುಚ್ಚಿಡಲಿಲ್ಲ. ಗಂಡ ಸತ್ತ ಜಾಗ ಹೇಗಿತ್ತೆಂದು ತೋರಿಸಿ ಎಂದು ಅಕ್ಕ ಕೇಳಿದ್ದರಂತೆ. ಅದಕ್ಕೆ ಒಂದು ಹಲಗೆ ಕೆತ್ತಿದರು. ಮರುವರ್ಷ ಅದೇ ಹಲಗೆಯಲ್ಲಿ ಇನ್ನಷ್ಟು ಮರ ತೆಗೆದರು. ಮರ ತೆಗೆದಷ್ಟೂ ಹಿಮ ಹೆಚ್ಚುತ್ತದೆ. ಪ್ರತಿವರ್ಷ ಆ ಮಧ್ಯಾಹ್ನದ ಹತ್ತೋ ಹದಿನೈದೋ ನಿಮಿಷ.

"ಯಾಕೆ ಸರ್ ಹೀಗೆ ಸ್ವಲ್ಪ ಸ್ವಲ್ಪ?"

"ಒಮ್ಮೆಲೆ ಹೋಗಾಕ ಧೈರ್ಯ ಸಾಲದ್ರಿ" ಎಂದು ಕಿಟಕಿಯ ಕಡೆ ತಿರುಗಿದರು.

ಎಲ್ಲಿಗೆ ಹೋಗಲು ಎಂದು ನಾನು ಕೇಳಲಿಲ್ಲ.

ಅವರು ನಿವೃತ್ತರಾದ ಮರುವರ್ಷ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಆ ಶಿವನೆ ಹಲಗೆಯೇ ಇತ್ತು. ಮೇಜಿನ ಮೇಲಿಟ್ಟರು. ಅಷ್ಟು ವರ್ಷ ಕೆತ್ತಿ ಕೆತ್ತಿ ಅದು ಹೊಂಡವಾಗಿತ್ತು. ಚಾವಣಿಯ ಅಂಚು ಮತ್ತು ಬಾಗಿಲಿನ ಮೇಲಿನ ಅರ್ಧ ಮಾತ್ರ ಎತ್ತರದಲ್ಲಿ ಉಳಿದಿದ್ದವು.

"ಇನ್ನ ಒಂದು ಸಲ ಉಳಿ ಹಾಕಿದ್ರ ಬಾಗಿಲು ಹೋಗ್ತೈತಿ ಮೇಡಂ. ಅದಕ್ಕೂ ಮೊದಲು ಒಂದು ಕಾಗದ ಬರಸ್ಬೇಕು. ಹಿಂದಿಯೊಳಗ."

ಅವರ ಹಳೇ ವಿದ್ಯಾರ್ಥಿಯೊಬ್ಬ ಸೈನ್ಯದಲ್ಲಿ ಹಿಮಾಚಲದ ಕಡೆ ಇದ್ದ. ಬಂಕಿನ ಎದುರು ತಿರುವಿನಲ್ಲಿ ಚಹಾದಂಗಡಿ ಇಟ್ಟವನ ವಿಳಾಸ ಅವನಿಂದ ಸಿಕ್ಕಿತ್ತು. ಕೇಳಬೇಕಾದದ್ದು ಒಂದೇ ಪ್ರಶ್ನೆ: ಆ ಕಟ್ಟಡದ ಚಾವಣಿಯಲ್ಲಿ ಎಲ್ಲಾದರೂ ಸಡಿಲವಾದ ತಗಡು ಇದೆಯೇ, ಗಾಳಿಗೆ ಅದು ಬಡಿಯುತ್ತದೆಯೇ?

ಪೆನ್ನು ಹಿಡಿದು ಕೂತ ನಾನು, "ಇದನ್ನ ಯಾಕೆ ಕೇಳ್ತಿದೀರಿ ಅಂತ ಅವನಿಗೆ ಗೊತ್ತಾಗಬೇಕಲ್ಲ ಸರ್" ಎಂದೆ.

ಆಗ ಹೇಳಿದರು. ತಲೆ ತಗ್ಗಿಸಿ, ಹಲಗೆಯ ಹೊಂಡದೊಳಗೆ ಬೆರಳಾಡಿಸುತ್ತಾ.

"ಗುಡ್ಡ ಕುಸಿದು ಬಸ್ಸು ನಿಂತಿತ್ರಿ. ಅರ್ಧ ಮೈಲಿ ಹಿಂದ ಆ ಬಂಕ್ ಕಂಡಿದ್ದೆ. ಅವರು ಬಸ್ಸಿನ್ಯಾಗ ನಿದ್ದಿ ಹೊಡೀತಿದ್ರು, ಎಬ್ಬಿಸಿ ಕರಕೊಂಡು ಹೋದಾಂವ ನಾನು. ರಸ್ತೆಯೊಳಗ ನಿಂತು ಬಿಡಿಸಾಕ ಹತ್ತಿದೆ. ಹಿಮ ಶುರುವಾತು. 'ಸಾಕು ಬರ್ರಿ, ಬಸ್ಸು ಬಿಟ್ಟಾರು' ಅಂದ್ರು. 'ನೀವು ಹೋಗಿ ನಿಲ್ಲಸ್ರಿ, ಇದೊಂದು ಮೂಲಿ ಮುಗಿಸಿ ಬರ್ತೀನಿ' ಅಂದೆ. ತಾವಾಗೇ ಹೋದ್ರು ಅಂತ ಎಲ್ಲಾರಿಗೂ ಹೇಳೀನಿ. ಅದು ಸುಳ್ಳು. ನಾನೇ ಕಳಿಸಿದ್ದು."

ನಾನು ಪೆನ್ನು ಕೆಳಗಿಟ್ಟೆ.

"ಆಮ್ಯಾಲೆ ಏನೂ ಕಾಣದಂಗ ಆತು. ಹಾಡಹಗಲು, ಆದ್ರ ಕೈ ಚಾಚಿದ್ರ ಕೈ ಕಾಣವಲ್ದು. ಕೋಣಿಯೊಳಗ ಹೊಕ್ಕೆ. ಕಿಟಕಿಗೆ ಹಿಮ ಮೆತ್ತಿ ಬಿಳೀ ಗೋಡಿ ಆಗಿತ್ತು. ಬಾಗಿಲು ಬಡಿದಂಗಾತು. ಬಂದ್ರು ಅಂತ ಓಡಿ ತೆಗೆದೆ. ಯಾರೂ ಇಲ್ಲ. ಹಿಮ ಅಷ್ಟು ಒಳಗ ಬಂತು. ಮುಚ್ಚಿದೆ. ಮತ್ತ ಬಡೀತು. ಮತ್ತ ತೆಗೆದೆ. ಏಳು ಸಲ ತೆಗೆದೀನ್ರಿ. ಹೊಸ್ತಿಲ ಹೊರಗ ಮೊಳಕಾಲುದ್ದ ಹಿಮ. ಚಳಿಗೆ ಹಲ್ಲು ಕಚ್ಚಿಹೋಗಿದ್ವು. ಚಾವಣಿಯ ತಗಡು ಗಾಳಿಗೆ ಬಡೀತೈತಿ ಅಂತ ನನಗ ನಾನೇ ಹೇಳಿಕೊಂಡೆ. ಚಿಲಕ ಹಾಕಿದೆ. ಎಂಟನೇ ಸಲ ಬಡೀತು. ಮೂರು ಸಲ, ನಿಧಾನಕ್ಕ. ನಾನು ಏಳಲಿಲ್ಲ."

ಸಂಜೆಯ ಹೊತ್ತಿಗೆ ರಸ್ತೆ ಕೆಲಸದವರು ಸಲಿಕೆ ಹಿಡಿದು ಬಂದರು. ಪಿ.ಟಿ. ಮೇಷ್ಟ್ರು ಬಸ್ಸಿನ ತನಕ ಹೋಗಿಯೇ ಇರಲಿಲ್ಲ. ದಾರಿ ತಪ್ಪಿ ತಿರುಗಿ ಬಂದಿದ್ದರು. ಅದೇ ಕಟ್ಟಡದ ಹಿಂಬದಿ ಗೋಡೆಗೆ ಒರಗಿ ಕೂತಂತೆಯೇ ಸಿಕ್ಕರು.

"ಬಾಗಿಲ ಮುಂದೆ ಹೆಜ್ಜೆ ಇದ್ದವಾ ಸರ್?"

"ಎಲ್ಲಾ ಮುಚ್ಚಿತ್ತು."

ಕಾಗದ ಬರೆದೆ. ಗುರುತಿಗೆಂದು ಹಿಮ ಕಡಿಮೆ ಇದ್ದ ಒಂದು ಹಳೇ ಅಚ್ಚನ್ನು ಜೊತೆಗಿಟ್ಟೆವು. ಲಕೋಟೆಗೆ ಹಾಕುವ ಮೊದಲು ಆ ಚಿತ್ರವನ್ನು ನೋಡುತ್ತಾ ನಿಂತೆ. ಬಾಗಿದ ಮುಂಚಾವಣಿ ನುಣ್ಣಗೆ, ಒಂದೇ ಎರಕದ ಹಾಗಿತ್ತು. ಎಲ್ಲೂ ತಗಡಿನ ಗೆರೆ ಇರಲಿಲ್ಲ. ಬಿಡಿಸಿದ್ದು ಅವರದೇ ಕೈ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಒಂದೂವರೆ ತಿಂಗಳಿಗೆ ಉತ್ತರ ಬಂತು, ನನ್ನ ವಿಳಾಸಕ್ಕೇ. ಒಡೆದು ಓದಿದೆ. ಆಮೇಲೆ ಎರಡು ದಿನ ಅದನ್ನು ಕಪಾಟಿನಲ್ಲಿಟ್ಟೆ. ತಗಡಿದೆ, ಬಡಿಯುತ್ತದೆ ಎಂದು ಸುಳ್ಳೇ ಓದಿಬಿಟ್ಟರೆ ಅವರಿಗೆ ತಿಳಿಯುವುದು ಹೇಗೆ? ಶಿಕಾರಿಪುರದಲ್ಲಿ ಹಿಂದಿ ಓದಿಸಲು ಅವರು ಬೇರೆ ಯಾರ ಹತ್ತಿರ ಹೋದಾರು? ಎರಡು ರಾತ್ರಿ ಇದೇ ಲೆಕ್ಕಾಚಾರ. ಕಡೆಗೆ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಚಹಾದಂಗಡಿಯವನು ಬರೆದಿದ್ದ: ಚಿತ್ರ ತುಂಬಾ ಸರಿಯಾಗಿದೆ, ನಾನೇ ಇಟ್ಟುಕೊಂಡಿದ್ದೇನೆ. ನಮ್ಮಪ್ಪ ನೋಡಿ, ಎರಡನೇ ಪಂಪು ಇನ್ನೂ ಇದ್ದ ಕಾಲದ್ದು ಎಂದರು. ಅಲ್ಲಿ ತಗಡು ಇಲ್ಲ, ಯಾವಾಗಲೂ ಇರಲಿಲ್ಲ. ಚಾವಣಿ ಸಿಮೆಂಟಿನದು. ಆದರೆ ತಾವು ಕೇಳಿದ ಸದ್ದು ನಮಗೆ ಗೊತ್ತು. ಹಿಮ ಬೀಳುವಾಗ ಒಳಗೆ ಕೂತವರಿಗೆ ಬಾಗಿಲು ಬಡಿದ ಹಾಗೆ ಕೇಳುತ್ತದೆ. ಹೊರಗೆ ನಿಂತವರಿಗೆ ಕೇಳುವುದಿಲ್ಲ. ನಮ್ಮಪ್ಪ ಹುಡುಗನಾಗಿದ್ದಾಗಲೂ ಹೀಗೇ ಇತ್ತಂತೆ. ಈ ಕಡೆಯವರು ಅದಕ್ಕೆ ಏಳುವುದಿಲ್ಲ.

ಮೇಷ್ಟ್ರು ಕಾಗದದ ಕಡೆ ಬಾಗಿದರು. "ಮೊದಲಿಂದನೂ ಅಂತ ಬರದಾನೇನ್ರಿ?"

"ಹೌದು ಸರ್. ಅವರಪ್ಪನ ಕಾಲದಿಂದ."

"ಹಂಗಾದ್ರ ಬಡಿದದ್ದು ಅವರು ಅಲ್ದೇನೂ ಇರಬಹುದು."

"ಇರಬಹುದು."

"ಅವರೂ ಇರಬಹುದು."

ನಾನು ಕಾಗದ ಮಡಚಿದೆ. ಅವರು ಎದ್ದು ಅಂಗಿ ಹಾಕಿಕೊಂಡರು. "ಸೊರಬಕ್ಕ ಹೋಗೂಣು. ಕಾಗದ ತಗೊಳ್ರಿ."

ಅಂಗಡಿಯಲ್ಲಿ ಅಕ್ಕ ಒಬ್ಬರೇ ಇದ್ದರು. ಮೇಷ್ಟ್ರು ಕೂರಲಿಲ್ಲ. ನನಗೆ ಹೇಳಿದ್ದನ್ನೆಲ್ಲ ನಿಂತೇ ಹೇಳಿದರು, ನಾನೇ ಕಳಿಸಿದ್ದು ಎನ್ನುವುದನ್ನೂ ಸೇರಿಸಿ. ನಾನು ಕಾಗದ ಓದಿದೆ. ಅಕ್ಕ ಹೊಲಿಗೆ ನಿಲ್ಲಿಸಿದ್ದರು, ಆದರೆ ಕಾಲು ಇನ್ನೂ ಮಶಿನ್ನಿನ ತುಳಿಹಲಗೆಯ ಮೇಲೇ ಇತ್ತು.

"ಏಳು ಸಲ ತೆಗೆದ್ರಿ" ಎಂದರು.

"ಹೂಂ."

"ಎಂಟನೇದಕ್ಕೆ ಏಳ್ಲಿಲ್ಲ."

"ಇಲ್ಲ."

ಕೆಳಗೆ ಬಸ್ಸೊಂದು ಹಾರನ್ ಮಾಡಿ ಹೋಯಿತು.

"ಕ್ಷಮಾ ಕೇಳಾಕ ಬಂದಿಲ್ರಿ" ಎಂದರು ಮೇಷ್ಟ್ರು.

"ಕೊಡ್ತೀನಿ ಅಂತ ನಾನೂ ಹೇಳ್ಲಿಲ್ಲ."

ಅಕ್ಕ ಎದ್ದು ಗೋಡೆಯ ಹತ್ತಿರ ಹೋದರು. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಒಂದೊಂದನ್ನೇ ನೋಡುತ್ತಾ ನಡೆದರು. ಹೊಸ ಗಿರಾಕಿ ಬಟ್ಟೆ ನೋಡುವ ಹಾಗೆ.

"ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ. ಹಿಮ ಜೋರಾದ ಮೇಲೆ ನೀವು ಒಳಗಿದ್ರಿ. ಇದೆಲ್ಲಾ ಹೊರಗಿಂದ ಕಂಡಿದ್ದು. ನೀವು ನೋಡಿದ್ದಲ್ಲ ಇದು. ಅವರು ನೋಡಿದ್ದು."

ಮೇಷ್ಟ್ರು ಗೋಡೆಗೆ ಕೈ ಊರಿದರು.

"ಇದು ಸಾಕು. ಇನ್ನು ಹೊರಗಿಂದು ತರಬೇಡಿ" ಎಂದರು ಅಕ್ಕ. "ಒಳಗಿಂದು ಮಾಡಿಕೊಡಿ. ನೀವು ಕೂತಲ್ಲಿಂದ ಬಾಗಿಲು ಹೇಗೆ ಕಾಣ್ತಿತ್ತೋ ಹಾಗೆ. ಚಿಲಕ ಹಾಕಿದ್ರಲ್ಲ, ಹಾಕಿದ ಹಾಗೇ ಇರಲಿ."

ಅದಕ್ಕೆ ಅವರು ಹೊಸ ಹಲಗೆ ತೆಗೆದುಕೊಂಡರು. ನಾಲ್ಕು ತಿಂಗಳು ಹಿಡಿಯಿತು. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಉಳಿ ಕೈಯಲ್ಲಿರುತ್ತಿತ್ತು, ಹಲಗೆಯ ಮೇಲೆ ಗೆರೆಯೇ ಇರುತ್ತಿರಲಿಲ್ಲ. "ಒಳಗೆಲ್ಲಾ ಕತ್ತಲಿ, ಬಿಳಿ ಇಲ್ಲ ನೋಡ್ರಿ. ಕೆತ್ತಾಕ ಏನೂ ಸಿಗವಲ್ದು" ಎನ್ನುತ್ತಿದ್ದರು. ಒಮ್ಮೆ, "ಕೂತಲ್ಲಿಂದ ಬಾಗಿಲ ತನಕ ಎಷ್ಟು ಹೆಜ್ಜಿ ಇತ್ತು ಅಂತ ಅಳತಿ ಮಾಡಾಕ ಹತ್ತೀನಿ. ನಾಕು ಹೆಜ್ಜಿ" ಎಂದರು. ಅವರ ಕೋಣೆಯ ನೆಲದ ಮೇಲೆ ಸುಣ್ಣದ ಗುರುತುಗಳಿದ್ದವು. ಹೊರಗೆ ಬಿಸಿಲು ಸುಡುತ್ತಿದ್ದರೂ ಅಲ್ಲಿ ಹೆಚ್ಚು ಹೊತ್ತು ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಕಡೆಗೆ ತೆಗೆದದ್ದು ಒಂದೇ ಅಚ್ಚು. ಹಗ್ಗಕ್ಕೆ ಹಾಕಿ ಒಣಗಿಸುವಾಗ ನೋಡಿದೆ. ಅಷ್ಟು ಕರಿ ಇರುವ ಚಿತ್ರ ಅವರು ಎಂದೂ ಮಾಡಿರಲಿಲ್ಲ. ಮೇಲೆ ಒಂದು ಮೂಲೆಯಲ್ಲಿ ಕಿಟಕಿಯ ಬೆಳ್ಳನೆಯ ಚೌಕ. ಬಾಗಿಲಿನ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು. ನಡುವೆ ಚಿಲಕ, ಬರೀ ಅಂಚಿನ ಗೆರೆಯಲ್ಲಿ, ಅಡ್ಡಕ್ಕೆ ಬಿದ್ದದ್ದು. ಉಳಿದದ್ದೆಲ್ಲ ಶಾಯಿ.

ಅದನ್ನು ಸೊರಬಕ್ಕೆ ಅವರೊಬ್ಬರೇ ಒಯ್ದರು. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ಆಮೇಲೆ ಅವರು ಉಳಿ ಹಿಡಿದದ್ದನ್ನೂ ನಾನು ನೋಡಲಿಲ್ಲ. ಕಳೆದ ವರ್ಷ ಬೆಳಗಿನ ಹೊತ್ತು ಪೇಪರ್ ಓದುತ್ತಾ ಕೂತವರು ಕೂತಲ್ಲೇ ತೀರಿಕೊಂಡರು. ಶಾಲೆಯವರು ಒಂದು ಸಂತಾಪ ಸಭೆ ಮಾಡಿದರು. ಬಳ್ಳಿಗಾವಿ ರಸ್ತೆಯ ತಂಗುದಾಣವನ್ನು ರಸ್ತೆ ಅಗಲ ಮಾಡುವಾಗ ಮೊದಲೇ ಕೆಡವಿದ್ದರು.

ಹದಿನೈದು ದಿನ ಕಳೆದು ನಾನು ಸೊರಬಕ್ಕೆ ಹೋದೆ. ಅಕ್ಕನಿಗೆ ಸುದ್ದಿ ಮುಟ್ಟಿತ್ತು. ಗೋಡೆ ಖಾಲಿಯಾಗಿತ್ತು.

"ಕೇಳಿದವರಿಗೆ ಕೊಟ್ಟೆ. ಬಂಕ್ ನಡೆಸೋರೊಬ್ರು ಎರಡು ತಗೊಂಡು ಹೋದ್ರು. ಆಫೀಸಲ್ಲಿ ಹಾಕ್ತಾರಂತೆ" ಎಂದರು.

ಮಶಿನ್ನಿನ ಎದುರು, ಕೂತರೆ ಕಣ್ಣಿಗೆ ನೇರವಾಗಿ ಆ ಕರೀ ಚಿತ್ರವೊಂದೇ ಉಳಿದಿತ್ತು. ಗಾಜಿಲ್ಲ, ಚೌಕಟ್ಟಿಲ್ಲ, ನಾಲ್ಕು ಮೊಳೆ. ಹತ್ತಿರ ಹೋಗಿ ನೋಡಿದೆ. ಅಡ್ಡಕ್ಕೆ ಬಿದ್ದ ಚಿಲಕದ ಕೆತ್ತಿದ ಗೆರೆ ಇದ್ದ ಹಾಗೇ ಇತ್ತು. ಅದರ ಮೇಲೆ ಇನ್ನೊಂದು ಗೆರೆ, ಪುಡಿಪುಡಿಯಾದ ಬಿಳಿ. ಎಳೆದು ಹಿಂದಕ್ಕೆ ಸರಿಸಿದ ಚಿಲಕ.

"ಇದು ಸರ್ ಮಾಡಿದ್ದಾ ಅಕ್ಕ?"

"ನಾನು. ರವಿಕೆಗೆ ಗುರುತು ಹಾಕೋ ಚಾಕಲ್ಲಿ."

"ಅವರು ನೋಡಿದ್ರಾ?"

"ಅವರೆದುರಿಗೇ ಎಳೆದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಅಲ್ಲೇ ಆ ಸ್ಟೂಲ್ ಮೇಲೆ ಕೂತು ಅತ್ರು. ನನಗೆ ಹೊಲಿಯೋದಿತ್ತು, ಹೊಲಿದೆ."

ನಾನು ಬೆರಳು ಚಾಚಿದೆ. ಮುಟ್ಟಬೇಡಿ ಎನ್ನುವ ಹಾಗೆ ಅಕ್ಕ ನನ್ನ ಕೈ ಹಿಡಿದರು.

"ಶಾಯಿ ಮೇಲೆ ಚಾಕ್ ನಿಲ್ಲಲ್ಲ ರೀ. ವಾರದಲ್ಲಿ ಉದುರಿ ಹೋಗತ್ತೆ. ಪ್ರತಿ ಸೋಮವಾರ ಅಂಗಡಿ ತೆಗೆದ ಕೂಡಲೇ ಮೊದಲು ಅದನ್ನ ಎಳೀತೀನಿ. ಆಮೇಲೇ ಕತ್ತರಿ ಹಿಡಿಯೋದು."